ನಾಲಾಸೋಪಾರದ ಬೆನ್ನ ಹಿಂದಿನ ಹಸಿರು: ನಿರ್ಮಳ್-ಭುಯಿಗಾಂವ್ ಕಾಲ್ನಡಿಗೆಯ ಒಂದು ಸುತ್ತು

ವಾರದ ಆರು ದಿನವೂ ಚರ್ಚ್‌ಗೇಟ್‌ನತ್ತ ಮುಖ ಮಾಡಿಯೇ ಬದುಕುವವರು ವಸಾಯಿ, ನಾಲಾಸೋಪಾರ, ವಿರಾರ್ ಪರಿಸರದ ಕನ್ನಡಿಗರು. ಬೆಳಗ್ಗೆ ಲೋಕಲ್ ಹಿಡಿಯುವ ಅವಸರ, ರಾತ್ರಿ ಇಳಿದು ಆಟೋರಿಕ್ಷಾದ ಸಾಲಿನಲ್ಲಿ ನಿಲ್ಲುವ ಆಯಾಸ. ಏಳನೆಯ ದಿನ ಸಂಘದ ಸಭೆ, ಯಾರದೋ ಮದುವೆ, ಇನ್ಯಾರದೋ ಗೃಹಪ್ರವೇಶ, ಅದಾವುದೂ ಇಲ್ಲದಿದ್ದರೆ ನಿದ್ದೆ. ಹೀಗಾಗಿ ನಿಲ್ದಾಣದಿಂದ ಪಶ್ಚಿಮಕ್ಕೆ ಆಟೋದಲ್ಲಿ ಸ್ವಲ್ಪ ಹೊತ್ತು ಸಾಗಿದರೆ ಕಟ್ಟಡಗಳ ಸಾಲು ಮುಗಿದು ಬಾಳೆ, ತೆಂಗು, ವೀಳ್ಯದೆಲೆಯ ತೋಟಗಳು ಆರಂಭವಾಗುತ್ತವೆ ಎಂಬುದು ಇಪ್ಪತ್ತು-ಮೂವತ್ತು ವರ್ಷಗಳಿಂದ ಇಲ್ಲಿಯೇ ನೆಲೆಸಿರುವ ಎಷ್ಟೋ ಮಂದಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೂ ಅದು ಕಳಂಬ್ ಸಮುದ್ರ ತೀರಕ್ಕೆ ಹೋಗುವ ದಾರಿ ಮಾತ್ರ. ಗಾಡಿಯ ಗಾಜು ಏರಿಸಿಕೊಂಡು ಹೋಗುತ್ತಾರೆ, ಹಾಗೆಯೇ ಬರುತ್ತಾರೆ.

ಆ ದಾರಿಯನ್ನು ನಡೆದು ನೋಡೋಣ ಎಂದು ಜನವರಿ ತಿಂಗಳ ಒಂದು ಭಾನುವಾರ ಹೊರಟವರು ಸ್ಥಳೀಯ ಕನ್ನಡ ಸಂಘವೊಂದರ ಏಳು ಮಂದಿ ಸದಸ್ಯರು. ಕಾರ್ಕಳ ಕಡೆಯ ಹಿರಿಯರೊಬ್ಬರು, ಅವರ ಹತ್ತನೇ ತರಗತಿಯ ಮೊಮ್ಮಗ, ಶಿರಸಿ ಮೂಲದ ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ ಕಡೆಯ ದಂಪತಿ, ಇನ್ನಿಬ್ಬರು ಸಂಘದ ಕಾರ್ಯಕರ್ತರು. ಹಿರಿಯರಿಗೆ ವಯಸ್ಸು 72. ಫೋರ್ಟ್ ಪರಿಸರದ ಹೋಟೆಲೊಂದರ ಕ್ಯಾಶ್ ಕೌಂಟರಿನಲ್ಲಿ 34 ವರ್ಷ ಕುಳಿತು ನಿವೃತ್ತರಾದವರು. ಮೊಣಕಾಲು ನೋವಿನವರು ಎಷ್ಟು ದೂರ ನಡೆದಾರು ಎಂಬ ಅನುಮಾನ ಉಳಿದವರಿಗಿತ್ತು. ಆದರೆ ಇದು ಗುಡ್ಡ ಹತ್ತುವ ದಾರಿಯಲ್ಲ. ಇಡೀ ಸುತ್ತಿನಲ್ಲಿ ಏರು ಎನ್ನುವಂಥದ್ದು ಎಲ್ಲಿಯೂ ಇಲ್ಲ, ಅಂಗೈಯಂತೆ ಸಮತಟ್ಟಾದ ನೆಲ.

ಮೊದಲು ಸ್ತೂಪ

ನೇರವಾಗಿ ತೋಟಗಳಿಗೆ ಹೋಗದೆ, ದಾರಿಯಲ್ಲಿ ಸೋಪಾರ ಗ್ರಾಮದ ಬೌದ್ಧ ಸ್ತೂಪದ ಬಳಿ ಇಳಿದದ್ದು ಶಿಕ್ಷಕಿಯವರ ಒತ್ತಾಯದಿಂದ. ಸ್ಥಳೀಯರು ಇದನ್ನು 'ಬುರುಡ್ ರಾಜಾಚೆ ಕೋಟ್', ಅಂದರೆ ಬುಟ್ಟಿ ಹೆಣೆಯುವ ರಾಜನ ಕೋಟೆ ಎಂದು ಕರೆಯುತ್ತ ಬಂದಿದ್ದರು. 1882ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿ ಅವರು ಈ ದಿಬ್ಬವನ್ನು ಅಗೆಸಿದಾಗ ನಡುವೆ ಕಲ್ಲಿನ ದೊಡ್ಡ ಕರಂಡವೊಂದು ಸಿಕ್ಕಿತು. ಅದರೊಳಗೆ ಎಂಟು ಕಂಚಿನ ಬುದ್ಧ ಮೂರ್ತಿಗಳು, ಒಂದರೊಳಗೊಂದು ಇಟ್ಟ ಭರಣಿಗಳು, ಬಂಗಾರದ ಹೂಗಳು, ಭಿಕ್ಷಾಪಾತ್ರೆಯದೆಂದು ನಂಬಲಾದ ಚೂರುಗಳು. ಇವೆಲ್ಲ ಮುಂಬಯಿಯ ಏಷಿಯಾಟಿಕ್ ಸೊಸೈಟಿಯಲ್ಲಿವೆ. ಮೂರ್ತಿಗಳು ಕ್ರಿ.ಶ. 8-9ನೇ ಶತಮಾನದವೆಂದು ವಿದ್ವಾಂಸರ ಅಭಿಪ್ರಾಯ. ಆ ಕಾಲದಲ್ಲಿ ಈ ಕರಾವಳಿಯ ಒಡೆಯರು ಯಾರೆಂದರೆ ಮಾನ್ಯಖೇಟದ ರಾಷ್ಟ್ರಕೂಟರು. ಅವರ ಸಾಮಂತರಾಗಿ ಉತ್ತರ ಕೊಂಕಣವನ್ನು ಆಳಿದವರು ಶಿಲಾಹಾರರು. ಬೊರಿವಲಿಯ ಕನ್ಹೇರಿ ಗುಹೆಗಳ ಶಾಸನಗಳಲ್ಲಿ ಅಮೋಘವರ್ಷನ ಹೆಸರು ಇಂದಿಗೂ ಇದೆ. 'ಕವಿರಾಜಮಾರ್ಗ'ದ ಅಮೋಘವರ್ಷ ನೃಪತುಂಗನೇ ಆತ. ನಾಲಾಸೋಪಾರದಲ್ಲಿ ಬಾಡಿಗೆ ಮನೆ ಹುಡುಕಿ ಬಂದವರಲ್ಲಿ ಕನ್ನಡಿಗರೇ ಮೊದಲಿಗರಲ್ಲದಿದ್ದರೂ, ಹೊಸಬರೇನೂ ಅಲ್ಲ.

ಶಿಕ್ಷಕಿಯವರು ತೋರಿಸಲು ಬಯಸಿದ್ದು ಮಾತ್ರ ಬೇರೆಯೇ. ಅದೇ 1882ರಲ್ಲಿ ಇಲ್ಲಿನ ಕೆರೆಯೊಂದರ ಬಳಿ ಅಶೋಕನ ಶಾಸನದ ಒಂದು ತುಂಡು ದೊರೆಯಿತು. ಹದಿನಾಲ್ಕು ಬಂಡೆ ಶಾಸನಗಳ ಪೈಕಿ ಎಂಟನೆಯದರ ಭಾಗವದು. ಹಿಂದಿನ ರಾಜರು ಮೋಜಿಗೆಂದು, ಬೇಟೆಗೆಂದು ಪ್ರವಾಸ ಹೋಗುತ್ತಿದ್ದರು; ಅಶೋಕ ಅದನ್ನು ಬಿಟ್ಟು ಧರ್ಮಯಾತ್ರೆ ಆರಂಭಿಸಿದ, ಆ ಯಾತ್ರೆಯಲ್ಲಿ ಹಿರಿಯರನ್ನು ಕಂಡ, ದಾನ ಕೊಟ್ಟ, ನಾಡಿನ ಹಳ್ಳಿಗರನ್ನು ಭೇಟಿ ಮಾಡಿ ಮಾತನಾಡಿಸಿದ ಎಂಬುದು ಆ ಶಾಸನದ ತಾತ್ಪರ್ಯ. "ನಾವೂ ಇವತ್ತು ಅದೇ ಮಾಡಲಿಕ್ಕೆ ಹೊರಟಿದ್ದೇವೆ, ಬೇಟೆಗೆ ಅಲ್ಲ" ಎಂದು ಅವರು ನಗುತ್ತ ಹೇಳಿದರು. ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವರ ಮಾತು, ಏಳೂ ಮಂದಿ ಸುಮ್ಮನೆ ನಿಂತು ಕೇಳಿದರು. ಕರ್ನಾಟಕದ ಮಸ್ಕಿ, ಬ್ರಹ್ಮಗಿರಿಗಳಲ್ಲಿ ಅಶೋಕನ ಕಿರು ಶಾಸನಗಳಿರುವುದು ಪಾಠಪುಸ್ತಕದಿಂದ ಎಲ್ಲರಿಗೂ ಗೊತ್ತು. ಮುಖ್ಯ ಬಂಡೆ ಶಾಸನಗಳ ಭಾಗಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ. ಸೋಪಾರದ ಕಲ್ಲು ಅದೇ ಮಾಲೆಯದು.

ಕೆರೆಯ ದಂಡೆಯಿಂದ ನಡಿಗೆ

ಸ್ತೂಪದಿಂದ ಮತ್ತೆ ಆಟೋ ಹಿಡಿದು ನಿರ್ಮಳ್ ತಲುಪಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ನಡಿಗೆ ಆರಂಭವಾಗುವುದು ಇಲ್ಲಿನ ಕೆರೆಯ ದಂಡೆಯಿಂದ. ಪಕ್ಕದಲ್ಲಿ ಶಂಕರಾಚಾರ್ಯರೊಬ್ಬರ ಸಮಾಧಿಯೆಂದು ಭಕ್ತರು ನಡೆದುಕೊಳ್ಳುವ ಮಂದಿರ. ಕಾರ್ತಿಕ ಬಹುಳ ಏಕಾದಶಿಗೆ ಇಲ್ಲಿ ಜಾತ್ರೆ ಸೇರುತ್ತದೆ. ಪರಶುರಾಮನು ವಿಮಲಾಸುರನನ್ನು ಸಂಹರಿಸಿದ ಸ್ಥಳವಿದು ಎಂದು ಸ್ಥಳಪುರಾಣ. ಪರಶುರಾಮ ಸೃಷ್ಟಿಯ ತುಳುನಾಡಿನಿಂದ ಬಂದವರಿಗೆ ಈ ಕತೆ ಹೊಸದೇನಲ್ಲ, ಸಮುದ್ರ ಅದೇ, ಕೊಡಲಿಯೂ ಅದೇ. ಅದೇ ಊರಿನಲ್ಲಿ ಹೋಲಿ ಕ್ರಾಸ್ ಚರ್ಚೂ ಇದೆ. ಭಾನುವಾರವಾದ್ದರಿಂದ ಪೂಜೆ ಮುಗಿಸಿ ಬರುವವರ ಸಾಲು ರಸ್ತೆಯಲ್ಲಿತ್ತು. ವಯಸ್ಸಾದ ಒಬ್ಬಿಬ್ಬರು ಹೆಂಗಸರು ಮಾತ್ರ ಹಳೆಯ ಕ್ರಮದ ಕೆಂಪು ಚೌಕಳಿ ಸೀರೆಯಲ್ಲಿದ್ದರು. ಸಾಮವೇದಿ ಕ್ರೈಸ್ತರೆಂದು ಕರೆಯಲಾಗುವ ಈ ಸಮುದಾಯದವರು ಪೋರ್ಚುಗೀಸರ ಕಾಲದಲ್ಲಿ ಮತಾಂತರಗೊಂಡರೂ ಬೇಸಾಯ ಬಿಡಲಿಲ್ಲ, ತಮ್ಮದೇ ಆಡುಮಾತನ್ನೂ ಬಿಡಲಿಲ್ಲ. ಪಕ್ಕದ ವಾಡಿಗಳಲ್ಲಿ ವಾಡ್ವಳರು, ಇತರ ಸಮುದಾಯದವರು ಇದ್ದಾರೆ. ಇಲ್ಲಿ ತೋಟಕ್ಕೆ 'ವಾಡಿ' ಎನ್ನುತ್ತಾರೆ.

ಕೆರೆಯಿಂದ ದಕ್ಷಿಣಕ್ಕೆ ಭುಯಿಗಾಂವ್ ಕಡೆಗೆ ಹೊರಟರೆ ಟಾರು ರಸ್ತೆಯ ಎರಡೂ ಬದಿಯಿಂದ ಸಣ್ಣ ಕಾಲುಹಾದಿಗಳು ಒಳಹೋಗುತ್ತವೆ. ವಾಹನಗಳ ಗದ್ದಲ ತಪ್ಪಿಸಲು ಈ ಹಾದಿಗಳನ್ನೇ ಹಿಡಿಯುವುದು ಒಳ್ಳೆಯದು. ಎರಡಾಳು ಜೊತೆಯಾಗಿ ನಡೆಯುವಷ್ಟು ಅಗಲ. ಒಂದು ಕಡೆ ಕಟಾವು ಮುಗಿದ ಗದ್ದೆಯಲ್ಲಿ ಭತ್ತದ ಕೂಳೆ, ಇನ್ನೊಂದು ಕಡೆ ಬಾಳೆ, ಅದರ ಮೇಲೆ ತೆಂಗು, ನಡುನಡುವೆ ಅಡಕೆ. ಸ್ವಲ್ಪ ಮುಂದೆ ಹೋದರೆ ದಾಸವಾಳ, ಮಲ್ಲಿಗೆಯ ಸಾಲು. ದಾದರ್ ಹೂವಿನ ಮಾರುಕಟ್ಟೆಯಲ್ಲಿ ಗಣೇಶ ಚೌತಿಯ ಹಿಂದಿನ ದಿನ ಗುದ್ದಾಡಿ ಕೊಳ್ಳುವ ಹೂವಿನಲ್ಲಿ ಎಷ್ಟೋ ಪಾಲು ವಸಾಯಿಯ ಇಂಥ ವಾಡಿಗಳದ್ದು. ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಲೋಕಲ್ ಹತ್ತುವ ಹೆಂಗಸರನ್ನು ಎಲ್ಲರೂ ನೋಡಿದ್ದಾರೆ, ಜಾಗ ಬಿಡಿ ಎಂದು ಗದರಿಯೂ ಇದ್ದಾರೆ. ಆ ಬುಟ್ಟಿ ಹೊರಡುವ ಮನೆಯಂಗಳ ಇದು.

ಇಲ್ಲಿ ನಡಿಗೆ ತೀರಾ ನಿಧಾನವಾಯಿತು. ಕಾರಣ, ಕಾರ್ಕಳದ ಹಿರಿಯರು ಪ್ರತಿ ಹತ್ತು ಹೆಜ್ಜೆಗೊಮ್ಮೆ ನಿಲ್ಲತೊಡಗಿದರು. ತೋಡಿನ ಬದಿಯ ಕೆಸುವಿನ ಎಲೆ ಮುಟ್ಟಿ ನೋಡಿದರು. "ಇದು ಪತ್ರೊಡೆಗೆ ಆಗುವ ಜಾತಿಯಲ್ಲ, ತುರಿಸುತ್ತದೆ" ಎಂದರು. ತೆಂಗಿನ ಬುಡಕ್ಕೆ ಹಾಕಿದ ಒಣ ಮಡಲು ನೋಡಿ ತಲೆಯಾಡಿಸಿದರು. ವೀಳ್ಯದೆಲೆಯ ಬಳ್ಳಿಗಳಿದ್ದ ತೋಟದ ಬೇಲಿಯ ಬಳಿ ನಿಂತವರು ಎಷ್ಟು ಹೊತ್ತಾದರೂ ಕದಲಲಿಲ್ಲ. "ಅಜ್ಜ, ಹೋಗುವಾ" ಎಂದು ಮೊಮ್ಮಗ ಎರಡು ಸಲ ಕರೆದ.

ಶಿರಸಿಯ ಶಿಕ್ಷಕಿಯವರಿಗೆ ಸಿಕ್ಕ ಸಂತೋಷ ಬೇರೆ ಬಗೆಯದು. ಹಾದಿ ಬದಿಯ ಮನೆಯೊಂದರ ಅಂಗಳದಲ್ಲಿ ಸಿಪ್ಪೆ ಸುಲಿದ ಬಾಳೆಹಣ್ಣುಗಳನ್ನು ಚಾಪೆಯ ಮೇಲೆ ಬಿಸಿಲಿಗೆ ಹರಡಿದ್ದರು. ರಾಜೇಳಿ ಎಂಬ ತಳಿಯ ಬಾಳೆಹಣ್ಣನ್ನು ಹೀಗೆ ಹಲವು ದಿನ ಒಣಗಿಸಿದರೆ ಜೇನಿನ ಬಣ್ಣಕ್ಕೆ ತಿರುಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಹೆಸರೇನೆಂದು ಕೇಳಿದಾಗ ಮನೆಯಾಕೆ ಹೇಳಿದ್ದು 'ಸುಕೇಳಿ'. "ಅಯ್ಯೋ, ನಮ್ಮ ಕಡೆಯೂ ಇದಕ್ಕೆ ಸುಕೇಳಿ ಎಂದೇ ಹೇಳುತ್ತಾರಲ್ಲ!" ಎಂದು ಶಿಕ್ಷಕಿ ಕೂಗಿಯೇಬಿಟ್ಟರು. ಅಲ್ಲಿಯೇ ಒಂದು ಕಟ್ಟು ಕೊಂಡು ಎಲ್ಲರಿಗೂ ಹಂಚಿದರು. ನಿರ್ಮಳ್ ಜಾತ್ರೆಯಲ್ಲೂ ಇದು ಮಾರಾಟಕ್ಕೆ ಬರುತ್ತದೆ.

ಬಾವಖಲ್ ಮತ್ತು ನೀರಿನ ಲೆಕ್ಕ

ಈ ಹಾದಿಯಲ್ಲಿ ಕಣ್ಣಿಗೆ ಬೀಳುವ, ಆದರೆ ಹೇಳಿಕೊಡುವವರಿಲ್ಲದಿದ್ದರೆ ಅರ್ಥವಾಗದ ಒಂದು ವಸ್ತು 'ಬಾವಖಲ್'. ವಾಡಿಗಳ ನಡುವೆ ಹಿಂದಿನವರು ತೋಡಿಟ್ಟ ಹೊಂಡಗಳಿವು. ನಮ್ಮೂರಿನ ಮದಗ ಎನ್ನಬಹುದು. ಮಳೆಗಾಲದ ನೀರು ಹರಿದು ಬಂದು ಇದರಲ್ಲಿ ತುಂಬುತ್ತದೆ, ನೆಲಕ್ಕೆ ಇಳಿಯುತ್ತದೆ, ಸುತ್ತಲಿನ ಬಾವಿಗಳಿಗೆ ಒರತೆಯಾಗುತ್ತದೆ. ಮಳೆಗಾಲದಲ್ಲಿ ಜಮೆ, ಬೇಸಗೆಯಲ್ಲಿ ಖರ್ಚು. ಸಮುದ್ರ ಇಷ್ಟು ಹತ್ತಿರವಿದ್ದೂ ಬಾವಿ ನೀರು ಸಿಹಿಯಾಗಿ ಉಳಿದಿದ್ದರೆ ಅದಕ್ಕೆ ಈ ಹೊಂಡಗಳು ಮುಖ್ಯ ಕಾರಣ. ಮೇಲಿನಿಂದ ಒತ್ತುವ ಸಿಹಿನೀರು ಕಡಿಮೆಯಾದರೆ ಕೆಳಗಿನಿಂದ ಉಪ್ಪುನೀರು ಒಳಬರುತ್ತದೆ.

ಹಾಗೆ ಬಂದೂ ಇದೆ. ಕೊಳವೆ ಬಾವಿಗಳಿಂದ, ತೆರೆದ ಬಾವಿಗಳಿಂದ ಟ್ಯಾಂಕರ್‌ಗಟ್ಟಲೆ ನೀರು ಹೊಸ ಕಟ್ಟಡಗಳಿಗೆ ಹೋಗತೊಡಗಿದ ಮೇಲೆ ಎಷ್ಟೋ ವಾಡಿಗಳ ಬಾವಿ ಉಪ್ಪಾಯಿತು. ಹಲವು ಬಾವಖಲ್‌ಗಳನ್ನು ಮಣ್ಣು ಸುರಿದು ಮುಚ್ಚಲಾಯಿತು. ಇದರ ವಿರುದ್ಧ 1980ರ ದಶಕದ ಕೊನೆಯಲ್ಲಿ ಎದ್ದ ಚಳವಳಿಯೇ 'ಹರಿತ್ ವಸಾಯಿ'. ಅದರ ಮುಂಚೂಣಿಯಲ್ಲಿದ್ದವರು ನಂದಾಖಾಲ್‌ನಲ್ಲಿ ಹುಟ್ಟಿದ ಧರ್ಮಗುರು, ಮರಾಠಿ ಲೇಖಕ ಫಾದರ್ ಫ್ರಾನ್ಸಿಸ್ ದಿಬ್ರಿಟೊ. 2020ರಲ್ಲಿ ಉಸ್ಮಾನಾಬಾದ್‌ನಲ್ಲಿ ಜರಗಿದ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರೂ ಅವರೇ. 2024ರ ಜುಲೈಯಲ್ಲಿ ನಿಧನರಾದರು. 2009ರಲ್ಲಿ ವಸಾಯಿ-ವಿರಾರ್ ಮಹಾನಗರ ಪಾಲಿಕೆ ಅಸ್ತಿತ್ವಕ್ಕೆ ಬಂದಾಗ ತಮ್ಮನ್ನು ಪಾಲಿಕೆಗೆ ಸೇರಿಸಬಾರದೆಂದು ಹಳ್ಳಿಗಳ ಜನ ಬೀದಿಗಿಳಿದರು, ವಿವಾದ ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆಯಿತು. 2011ರ ಜನಗಣತಿಯಲ್ಲಿ ಈ ಪಾಲಿಕೆಯ ಜನಸಂಖ್ಯೆ 12 ಲಕ್ಷ ದಾಟಿತ್ತು. ಆ 12 ಲಕ್ಷದಲ್ಲಿ ತುಳು-ಕನ್ನಡಿಗರೂ ಸೇರಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಟ್ಯಾಂಕರಿನ ನೀರು ಕುಡಿದವರು ಬೇರೆ ಯಾರೂ ಅಲ್ಲ. ಇತ್ತೀಚಿನ ವರ್ಷಗಳಲ್ಲಿ ಊರಿನ ಯುವಕರೇ ಸೇರಿ ಕೆಲವು ಬಾವಖಲ್‌ಗಳ ಹೂಳೆತ್ತಿ ಮತ್ತೆ ನೀರು ನಿಲ್ಲುವಂತೆ ಮಾಡಿದ್ದಾರೆ. ಅಂಥ ಒಂದು ಹೊಂಡದ ಬಳಿ ಏಳೂ ಮಂದಿ ಕುಳಿತು ಬುತ್ತಿ ಬಿಚ್ಚಿದರು. ಹುಬ್ಬಳ್ಳಿಯ ದಂಪತಿ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ನೀರಿನಲ್ಲಿ ಮಿಂಚುಳ್ಳಿಯೊಂದು ಎರಡು ಸಲ ಮುಳುಗಿ ಎದ್ದಿತು.

ಅಲ್ಲಿಗೆ ದನಕ್ಕೆ ಹುಲ್ಲು ಹೊತ್ತುಕೊಂಡು ಬಂದ ವೃದ್ಧ ರೈತರೊಬ್ಬರು ಇವರನ್ನು ಕಂಡು ನಿಂತರು. ಎಲ್ಲಿಯವರೆಂದು ಮರಾಠಿಯಲ್ಲಿ ವಿಚಾರಿಸಿದರು. ಕಾರ್ಕಳದ ಹಿರಿಯರು "ಕಾಕಾ, ನಾವು ನಾಲಾಸೋಪಾರ ಪೂರ್ವದವರು" ಎಂದು ತಮ್ಮ ಕಟ್ಟಡವಿರುವ ಜಾಗ ಹೇಳಿದರು. ರೈತರು ಹುಲ್ಲಿನ ಹೊರೆ ಇಳಿಸಿದರು. ಆ ಜಾಗ ತಮಗೆ ಚೆನ್ನಾಗಿ ಗೊತ್ತು, ಸಣ್ಣವರಿದ್ದಾಗ ಅಲ್ಲಿ ಭತ್ತದ ಗದ್ದೆಯಿತ್ತು, ಆಚೆಗೆ ಉಪ್ಪಿನ ಆಗರ, ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು, ಏಡಿ ಹಿಡಿಯಲು ಹೋಗುತ್ತಿದ್ದೆವು ಎಂದರು. ನೀರು ಈಗಲೂ ಬರುತ್ತದಲ್ಲವೇ ಎಂದು ಅವರೇ ಕೇಳಿದರು.

ಬರುತ್ತದೆ. 2018ರ ಜುಲೈಯಲ್ಲಿ ಹಳಿಗಳ ಮೇಲೆ ನೀರು ನಿಂತು ವಸಾಯಿ-ವಿರಾರ್ ನಡುವೆ ರೈಲು ನಿಂತದ್ದನ್ನು ಯಾರೂ ಮರೆತಿಲ್ಲ. ಆಗ ಈ ಹಿರಿಯರ ನೆಲಮಹಡಿಯ ಮನೆಯಲ್ಲಿ ನೀರು ಮಂಚದ ಮಟ್ಟಕ್ಕೆ ಬಂದಿತ್ತು. ಫ್ರಿಜ್ ಹೋಯಿತು, ಊರಿನಿಂದ ತಂದಿದ್ದ ಅಕ್ಕಿಮುಡಿ ಹೋಯಿತು, ಮಗಳ ಮದುವೆಯ ಆಲ್ಬಂ ಹೋಯಿತು. ಎರಡು ರಾತ್ರಿ ಮೇಲಿನ ಮಹಡಿಯವರ ಮನೆಯಲ್ಲಿ ಕಳೆದರು. ಪಾಲಿಕೆಯವರನ್ನು ಬೈದರು, ಚರಂಡಿಯನ್ನು ಬೈದರು. ಕಟ್ಟಡ ನಿಂತಿರುವುದೇ ನೀರಿನ ಜಾಗದಲ್ಲಿ ಎಂಬುದನ್ನು ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

ರೈತರು ಹೊರೆ ಹೊತ್ತು ಹೋದ ಮೇಲೆ ಹಿರಿಯರು ತಾವಾಗಿಯೇ ಮಾತು ತೆಗೆದರು. ಅವರ ತಂದೆ ಗೇಣಿ ಒಕ್ಕಲು. 1974ರ ಭೂಮಸೂದೆಯಲ್ಲಿ ಡಿಕ್ಲರೇಶನ್ ಕೊಟ್ಟು ಎರಡು ಎಕರೆ ಗದ್ದೆ ಸ್ವಂತದ್ದಾಯಿತು. ಆ ದಿನ ತಂದೆ ಗದ್ದೆಯ ಹುಣಿಯ ಮೇಲೆ ಕುಳಿತು ಅತ್ತಿದ್ದರಂತೆ. ಅಷ್ಟರಲ್ಲಿ ಮಗ ಮುಂಬಯಿ ಬಸ್ಸು ಹತ್ತಿಯಾಗಿತ್ತು. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಲ್ಲಿ ಪಾಲಾಯಿತು. ತಮ್ಮ ಪಾಲನ್ನು 1996ರಲ್ಲಿ ಮಾರಿ, ಆ ಹಣವನ್ನು ನಾಲಾಸೋಪಾರದ ಮನೆಗೆ ಮುಂಗಡ ಕೊಟ್ಟರು. ಉಳಿದದ್ದು ಸಾಲ. "ಊರಿನ ಗದ್ದೆ ಮಾರಿ ಇಲ್ಲಿ ಯಾರದೋ ಗದ್ದೆಯ ಮೇಲೆ ಬಂದು ಕೂತೆ. ಇಷ್ಟು ವರ್ಷ ಗೊತ್ತಿರಲಿಲ್ಲ ನೋಡಿ" ಎಂದರು. ಸಮಾಧಾನ ಹೇಳಲು ಯಾರಿಗೂ ಮಾತು ಹೊಳೆಯಲಿಲ್ಲ. ಹಾಗೆ ನೋಡಿದರೆ ಅಲ್ಲಿ ಕುಳಿತ ಏಳರಲ್ಲಿ ನಾಲ್ವರ ಕತೆ ಹೆಚ್ಚುಕಡಿಮೆ ಅದೇ. ಮೊಮ್ಮಗ ಮಾತ್ರ, "ಎರಡು ಎಕರೆ ಅಂದರೆ ಎಷ್ಟು ಅಜ್ಜ?" ಎಂದು ಕೇಳಿದ. ಹಿರಿಯರು ಎದ್ದು ನಿಂತು, ಹೊಂಡದ ಆಚೆಯ ತೆಂಗಿನ ಮರದಿಂದ ರಸ್ತೆ ಬದಿಯ ಮಾವಿನ ಮರದವರೆಗೆ ಕೈಯಾಡಿಸಿ, "ಅಲ್ಲಿಂದ ಅಲ್ಲಿಯವರೆಗೆ, ಇನ್ನೂ ಸ್ವಲ್ಪ ಜಾಸ್ತಿ" ಎಂದು ತೋರಿಸಿದರು. ಹುಡುಗ ಅಷ್ಟು ದೂರ ಓಡಿ ಹೋಗಿ ಬಂದ.

ಸುರು ಮರಗಳ ನೆರಳು

ಭುಯಿಗಾಂವ್ ತಲುಪಿ ಪಶ್ಚಿಮಕ್ಕೆ ತಿರುಗಿದರೆ ತೋಟಗಳು ಮುಗಿದು ಮರಳು ನೆಲ ಆರಂಭವಾಗುತ್ತದೆ. ಸಮುದ್ರಕ್ಕೆ ಮೊದಲು ಸುರು ಮರಗಳ ಒಂದು ಸಣ್ಣ ಕಾಡು. ನಮ್ಮಲ್ಲಿ ಗಾಳಿಮರ ಎನ್ನುತ್ತೇವೆ, ಮಲ್ಪೆ, ಮರವಂತೆಯ ಕಡೆಯವರಿಗೆ ಇದರ ಸದ್ದು ಪರಿಚಿತ. ಗಾಳಿ ಬೀಸಿದಾಗ ಮಳೆ ಬರುವ ಹಾಗೆ ಕೇಳಿಸುತ್ತದೆ. ಕೆಳಗೆ ಉದುರಿದ ಸೂಜಿಯೆಲೆಗಳ ಹಾಸು, ಮೊಣಕಾಲು ನೋವಿನವರಿಗೂ ಕಾಲಿಗೆ ಹಿತ. ಆದರೆ ಗುಂಪುಗುಂಪಾಗಿ ಬರುವ ಪಿಕ್‌ನಿಕ್‌ನವರು ಬಿಟ್ಟುಹೋದ ಬಾಟಲಿ, ತಟ್ಟೆಗಳು ಇಲ್ಲಿ ಬೇಕಾದಷ್ಟಿವೆ. ಬೋಡುಬಿದ್ದ ಜಾಗಗಳೂ ಕಾಣುತ್ತವೆ.

ಅಶೋಕನ ಒಂಬತ್ತನೆಯ ಬಂಡೆ ಶಾಸನದ ಕಲ್ಲು 1956ರಲ್ಲಿ ಸಿಕ್ಕಿದ್ದು ಇದೇ ಭುಯಿಗಾಂವ್‌ನಲ್ಲಿ. ರೋಗ ಬಂದಾಗ, ಮದುವೆಯಾದಾಗ, ಮಗು ಹುಟ್ಟಿದಾಗ, ಪ್ರಯಾಣ ಹೊರಟಾಗ ಜನ ನಾನಾ ಬಗೆಯ ಮಂಗಳ ಕಾರ್ಯ ಮಾಡುತ್ತಾರೆ. ಅವುಗಳಿಂದ ದೊರೆಯುವ ಫಲ ಅಲ್ಪ. ಆಳುಕಾಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದು, ಹಿರಿಯರಿಗೆ ಗೌರವ, ಪ್ರಾಣಿಗಳ ವಿಷಯದಲ್ಲಿ ಸಂಯಮ ಇವೇ ನಿಜವಾದ ಮಂಗಳ ಎಂಬರ್ಥದ ಶಾಸನವದು. ಎರಡೂ ಕಲ್ಲುಗಳು ಈಗ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿವೆ. ಇದನ್ನು ಕೇಳಿ ಹಿರಿಯರಿಗೆ ನಗು ಬಂತು. ಆ ಮ್ಯೂಸಿಯಮ್ಮಿನ ಎದುರಿನ ರಸ್ತೆಯಲ್ಲಿ ಅವರು 34 ವರ್ಷ ದಿನಾ ನಡೆದವರು. ಒಳಗೆ ಒಮ್ಮೆಯೂ ಹೋದವರಲ್ಲ.

ಮರಳುವಾಗ ಹೋದ ದಾರಿಯನ್ನೇ ಹಿಡಿಯಬೇಕೆಂದಿಲ್ಲ. ಭುಯಿಗಾಂವ್‌ನಿಂದ ಒಳಹಾದಿಗಳಲ್ಲಿ ಉತ್ತರಕ್ಕೆ ಸಾಗಿ, ಗದ್ದೆಗಳ ಅಂಚಿನಿಂದ ನಿರ್ಮಳ್ ಕೆರೆಯ ಇನ್ನೊಂದು ಬದಿಗೆ ಬಂದು ಸೇರಬಹುದು. ದಾರಿ ತಪ್ಪಿದರೆ ಕೇಳಿದವರೆಲ್ಲ ಹೇಳುತ್ತಾರೆ, ಮರಾಠಿ ಮಾತನಾಡಿದರೆ ಸಾಕು. ಬುತ್ತಿ, ಹರಟೆ ಎಲ್ಲ ಸೇರಿ ಈ ಏಳು ಮಂದಿಗೆ ನಾಲ್ಕು ಗಂಟೆ ಹಿಡಿಯಿತು. ಸುಮ್ಮನೆ ನಡೆಯುವವರಿಗೆ ಎರಡೂವರೆ ಗಂಟೆ ಸಾಕಾದೀತು. ಮೊಮ್ಮಗನ ಮೊಬೈಲ್ ಹನ್ನೊಂದು ಸಾವಿರ ಹೆಜ್ಜೆ ತೋರಿಸಿತು, ಅವನ ಓಟವೂ ಸೇರಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ಈ ನಡಿಗೆಗೆ ಸರಿಯಾದ ಕಾಲ. ಮಳೆಗಾಲದಲ್ಲಿ ಹಸಿರು ಹೆಚ್ಚಾದರೂ ಒಳಹಾದಿ ಕೆಸರು, ಮಾರ್ಚ್ ನಂತರ ಬಿಸಿಲು. ನಾಲಾಸೋಪಾರ ನಿಲ್ದಾಣದ ಪಶ್ಚಿಮದಿಂದ ಆಟೋ, ಬಸ್ಸು ಸಿಗುತ್ತವೆ. ಕುಡಿಯುವ ನೀರು ಮನೆಯಿಂದಲೇ ಒಯ್ಯಬೇಕು, ಒಳಗೆ ಅಂಗಡಿಗಳಿಲ್ಲ. ವಾಡಿಗಳೆಲ್ಲ ಖಾಸಗಿ ಜಾಗ, ಕೇಳದೆ ಒಳಗೆ ಕಾಲಿಡುವಂತಿಲ್ಲ, ಫೋಟೋಕ್ಕೂ ಕೇಳಬೇಕು. ಕೇಳಿದರೆ ಬೇಡವೆನ್ನುವವರು ಕಡಿಮೆ. ದೊಡ್ಡ ಗುಂಪು ಕಟ್ಟಿಕೊಂಡು, ಬ್ಯಾನರ್ ಹಿಡಿದುಕೊಂಡು ಹೋಗುವ ಜಾಗವಂತೂ ಇದಲ್ಲ. ಎಂಟು-ಹತ್ತು ಮಂದಿಗಿಂತ ಹೆಚ್ಚಾದರೆ ಹಾದಿಯಲ್ಲಿ ಎದುರು ಬರುವ ಹುಲ್ಲಿನ ಹೊರೆಯವರಿಗೆ ಸರಿದು ನಿಲ್ಲಲು ಜಾಗವಿರುವುದಿಲ್ಲ.

ಹಿಂದಿರುಗುವಾಗ ಹಿರಿಯರು ಬೆಳಗ್ಗಿನ ಆ ವೀಳ್ಯದೆಲೆಯ ತೋಟದ ಬಳಿ ಮತ್ತೆ ನಿಂತರು. ಈ ಸಲ ಒಳಗೆ ಮನೆಯವರಿದ್ದರು. ಒಂದು ಕವಳೆಗೆ ಎಷ್ಟು ಎಂದು ಇವರು ಕೇಳಿದರು. ಕೆಂಪು ಸೀರೆಯ ವೃದ್ಧೆ, ಭಾನುವಾರ ವ್ಯಾಪಾರವಿಲ್ಲ ಎಂದು ಹೇಳಿ ಹತ್ತಿಪ್ಪತ್ತು ಎಲೆ ಕೊಯ್ದು ಬಾಳೆಯೆಲೆಯ ತುಂಡಿನಲ್ಲಿ ಸುತ್ತಿ ಹುಡುಗನ ಕೈಗಿತ್ತರು, ಹಣ ಮುಟ್ಟಲಿಲ್ಲ. "ಮಾವ್ಶಿ, ಮುಂದಿನ ತಿಂಗಳು ಬರುತ್ತೇವೆ, ಆಗಲಾದರೂ ತೆಗೆದುಕೊಳ್ಳಬೇಕು" ಎಂದು ಹಿರಿಯರು ಕೈಮುಗಿದರು. ಎಲೆ ಸ್ವಲ್ಪ ಖಾರ, ಊರಿನದ್ದರಷ್ಟೇ ಎಂದು ಮನೆಯಲ್ಲಿ ಅಜ್ಜಿ ಹೇಳಿದರಂತೆ.